ನಿಮ್ಮ ಏರಿಯಾದ ಸರ್ಕಾರಿ ಕಾಲೇಜಿನ ಮಕ್ಕಳ ಬೆನ್ನಿಗೆ ನಿಲ್ಲುವುದು ಹೇಗೆ?

ವಿಜಯನಗರ, ಕೆ.ಆರ್. ಪುರ, ಯಲಹಂಕ ಹೀಗೆ ಬೆಂಗಳೂರಿನ ಹಲವು ಕಡೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ದಿನಾ ಅವುಗಳ ಗೇಟಿನ ಮುಂದೆಯೇ ಓಡಾಡುತ್ತೇವೆ, ಒಳಗೆ ಹೋದವರು ಮಾತ್ರ ಕಡಿಮೆ. ಅಲ್ಲಿ ಬಿ.ಎ., ಬಿ.ಕಾಂ. ಓದುವ ಮಕ್ಕಳಲ್ಲಿ ಎಷ್ಟೋ ಮಂದಿ ತಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು. ಬೆಳಿಗ್ಗೆ ಪೇಪರ್ ಹಾಕಿ ಕ್ಲಾಸಿಗೆ ಬರುವವರಿದ್ದಾರೆ. ಕ್ಲಾಸ್ ಮುಗಿಸಿ ರಾತ್ರಿ ತನಕ ಫುಡ್ ಡೆಲಿವರಿ ಮಾಡುವವರಿದ್ದಾರೆ.

ಇವರ ಓದು ಎಷ್ಟೋ ಸಲ ತೀರಾ ಸಣ್ಣ ಕಾರಣಕ್ಕೆ ನಿಲ್ಲುತ್ತದೆ. ಪರೀಕ್ಷಾ ಶುಲ್ಕ ಕಟ್ಟುವ ಕೊನೇ ದಿನ ಕೈಯಲ್ಲಿ ದುಡ್ಡಿರುವುದಿಲ್ಲ. ಸ್ಕಾಲರ್‌ಶಿಪ್ ಅರ್ಜಿಯ ತಾರೀಕು ಗೊತ್ತೇ ಆಗಿರುವುದಿಲ್ಲ. ಆ ಹೊತ್ತಿಗೆ ಗೊತ್ತಿರುವ ಒಬ್ಬರು ಪಕ್ಕದಲ್ಲಿದ್ದರೆ ಅರ್ಧ ಕಷ್ಟ ಕಳೆಯಿತು. ಆ ಒಬ್ಬರು ನೀವೇ ಆಗಬಹುದು. ಹೇಗೆ ಅಂತ ನೋಡೋಣ.

ಮೊದಲು ಹೋಗಿ ಕೇಳಿ

ಬ್ಯಾಗು, ನೋಟ್‌ಬುಕ್ಕು ಹಂಚುವ ಪ್ಲಾನ್ ಹಿಡಿದುಕೊಂಡು ಹೋಗಬೇಡಿ. ಪ್ರಾಂಶುಪಾಲರಿಗೆ ಫೋನ್ ಮಾಡಿ, ಸಮಯ ಕೇಳಿ, ಇಬ್ಬರೇ ಹೋಗಿ. ಅಡ್ಮಿಷನ್ ಮತ್ತು ಪರೀಕ್ಷೆಯ ದಿನಗಳಲ್ಲಿ ಅವರಿಗೆ ಉಸಿರಾಡಲೂ ಪುರುಸೊತ್ತಿರಲ್ಲ, ಆಗ ಬೇಡ. ಹೋದಾಗ ಕೇಳಬೇಕಾದ್ದು ಮೂರೇ ಮಾತು: ಪರೀಕ್ಷಾ ಶುಲ್ಕ ಕಟ್ಟುವುದು ಯಾವ ತಿಂಗಳು? ಸ್ಕಾಲರ್‌ಶಿಪ್‌ಗೆ ಅರ್ಹತೆ ಇದ್ದೂ ಅರ್ಜಿ ಹಾಕದವರು ಎಷ್ಟು ಜನ? ಕ್ಲಾಸಿಗೆ ಬಾರದ ಮಕ್ಕಳು ಯಾಕೆ ಬರುತ್ತಿಲ್ಲ?

ಸರ್ಕಾರಿ ಪದವಿ ಕಾಲೇಜುಗಳಲ್ಲಿ ಕಾಲೇಜು ಅಭಿವೃದ್ಧಿ ಸಮಿತಿ ಅಂತ ಇರುತ್ತದೆ, ಸ್ಥಳೀಯ ಶಾಸಕರೇ ಅದರ ಅಧ್ಯಕ್ಷರು. ಕಟ್ಟಡ, ಶೌಚಾಲಯ, ಕುಡಿಯುವ ನೀರಿನಂಥ ದೊಡ್ಡ ವಿಷಯಗಳನ್ನು ಆ ಸಮಿತಿಯ ಮುಂದೆ ಇಡಿ. ಉಳಿದದ್ದಕ್ಕೆ ನಿಮ್ಮ ಜೊತೆ ಮಾತಾಡಲು ಒಬ್ಬ ಅಧ್ಯಾಪಕರನ್ನು ಗೊತ್ತು ಮಾಡಿಕೊಡಿ ಎಂದು ಕೇಳಿಕೊಳ್ಳಿ. ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಅಧಿಕಾರಿ ಆದರೆ ತುಂಬ ಒಳ್ಳೆಯದು. 1969ರಿಂದ ನಡೆದುಬಂದಿರುವ ಈ ಯೋಜನೆಯಲ್ಲಿ ಪ್ರತಿ ಸ್ವಯಂಸೇವಕರು ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು. ಯಾವ ಹುಡುಗನಿಗೆ ಏನು ಕಷ್ಟ ಅನ್ನುವುದು ಆ ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತು.

ಐದಾರು ಜನ ಸಾಕು

ನಿವೃತ್ತ ಬ್ಯಾಂಕ್ ಉದ್ಯೋಗಿ ಒಬ್ಬರು, ನಿವೃತ್ತ ಮೇಡಂ ಅಥವಾ ಮೇಷ್ಟ್ರು ಒಬ್ಬರು, ಸೈಬರ್ ಸೆಂಟರ್ ನಡೆಸುವವರು, ಒಬ್ಬ ಅಂಗಡಿ ಮಾಲೀಕರು, ಇದೇ ಕಾಲೇಜಿನಲ್ಲಿ ಓದಿ ಈಗ ಕೆಲಸದಲ್ಲಿರುವ ಒಬ್ಬಿಬ್ಬರು. ಸಂಘ ನೋಂದಣಿ, ಲೆಟರ್‌ಹೆಡ್, ಪದಾಧಿಕಾರಿಗಳು ಇದೆಲ್ಲ ಶುರುವಿಗೆ ಬೇಡವೇ ಬೇಡ.

ಸ್ಕಾಲರ್‌ಶಿಪ್ ಟೇಬಲ್ ಹಾಕಿ

ಒಂದೇ ಒಂದು ಕೆಲಸಕ್ಕೆ ಸಮಯ ಇದ್ದರೆ ಇದನ್ನು ಮಾಡಿ. ಕಾಲೇಜಿನ ಕಾರಿಡಾರ್‌ನಲ್ಲಿ ಒಂದು ಟೇಬಲ್, ಎರಡು ಲ್ಯಾಪ್‌ಟಾಪ್, ವಾರಕ್ಕೆರಡು ಮಧ್ಯಾಹ್ನ.

ರಾಜ್ಯದ ಸ್ಕಾಲರ್‌ಶಿಪ್‌ಗಳಿಗೆ ಎಸ್‌ಎಸ್‌ಪಿ, ಅಂದರೆ ಸರ್ಕಾರದ ಸ್ಟೇಟ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ (ಪ್ರಮಾಣಪತ್ರದ ಮೇಲೇ ಇರುವ ‘RD’ಯಿಂದ ಶುರುವಾಗುವ ಸಂಖ್ಯೆ), ಕಾಲೇಜಿನ ವಿವರ ಬೇಕು. ಕೇಳಲು ಸುಲಭ. ಆದರೆ ಟೇಬಲ್ ಮುಂದೆ ಕೂತರೆ ಗೊತ್ತಾಗುತ್ತದೆ. ಮಾರ್ಕ್ಸ್ ಕಾರ್ಡಿನಲ್ಲಿ ‘ಮಂಜುನಾಥ ಕೆ’, ಆಧಾರ್‌ನಲ್ಲಿ ‘ಕೆ ಮಂಜುನಾಥ್’. ಆಧಾರ್‌ಗೆ ಕೊಟ್ಟಿರುವ ಮೊಬೈಲ್ ನಂಬರ್ ಊರಲ್ಲಿರುವ ಚಿಕ್ಕಪ್ಪನದು. ಓಟಿಪಿ ಹೋಗುವುದು ಅವರಿಗೆ, ಅವರೋ ಆ ಹೊತ್ತಿಗೆ ಹೊಲದಲ್ಲಿ. ಕೆಲವರ ನಂಬರ್ ರೀಚಾರ್ಜ್ ಇಲ್ಲದೆ ಯಾವತ್ತೋ ಬಂದ್ ಆಗಿರುತ್ತದೆ. ಆದ್ದರಿಂದ ಅರ್ಜಿ ತುಂಬುವ ಮೊದಲು ಹೆಸರು, ಮೊಬೈಲ್ ನಂಬರ್ ಎರಡನ್ನೂ ನೋಡಿ. ತಪ್ಪಿದ್ದರೆ ಮೊದಲು ಆಧಾರ್ ಕೇಂದ್ರಕ್ಕೆ ಕಳಿಸಿ. ಆದಾಯ ಪ್ರಮಾಣಪತ್ರ ಇಲ್ಲದಿದ್ದರೆ ನಾಡಕಚೇರಿಗೆ. ಇದಕ್ಕೆಲ್ಲ ದಿನ ಹಿಡಿಯುತ್ತದೆ, ಕೊನೇ ವಾರದಲ್ಲಿ ಶುರು ಮಾಡಿದರೆ ಆಗಲ್ಲ.

ಇನ್ನೊಂದು ವಿಷಯ ಬ್ಯಾಂಕಿನದು. ದುಡ್ಡು ಬರುವುದು ಆಧಾರ್ ಜೋಡಣೆಯಾದ ಖಾತೆಗೆ. ಖಾತೆ ಎರಡಿದ್ದರೆ ಕೊನೆಗೆ ಜೋಡಣೆಯಾದದ್ದಕ್ಕೆ ಹೋಗುತ್ತದೆ. ಹೈಸ್ಕೂಲಿನಲ್ಲಿದ್ದಾಗ ತೆರೆದು ಮರೆತ ಖಾತೆ ಅದಾಗಿರಬಹುದು. ಮಕ್ಕಳು ‘ದುಡ್ಡೇ ಬಂದಿಲ್ಲ ಸರ್’ ಅಂದಾಗ ಮೊದಲು ಇದನ್ನು ನೋಡಿ. ನಿಮ್ಮ ಗುಂಪಿನ ಬ್ಯಾಂಕ್ ನಿವೃತ್ತರು ಒಂದು ಸಲ ಜೊತೆಗೆ ಬ್ರಾಂಚ್‌ಗೆ ಹೋಗಿಬಂದರೆ ಕೆಲಸ ಸಲೀಸು.

ಎಲ್ಲರಿಗೂ ಒಂದೇ ಸ್ಕಾಲರ್‌ಶಿಪ್ ಅಂದುಕೊಳ್ಳಬೇಡಿ. ಅಪ್ಪ ಗಾರೆ ಕೆಲಸದವರಾಗಿ ಲೇಬರ್ ಕಾರ್ಡ್ ಇದ್ದರೆ ಕಟ್ಟಡ ಕಾರ್ಮಿಕರ ಮಂಡಳಿಯ ಶೈಕ್ಷಣಿಕ ನೆರವಿದೆ. ಅಮ್ಮ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದರೆ ಕಾರ್ಮಿಕ ಕಲ್ಯಾಣ ಮಂಡಳಿಯದು ನೋಡಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ, ವಸತಿಗೆಂದೇ ವಿದ್ಯಾಸಿರಿ ಇದೆ. ಸರ್ಕಾರಿ ಶಾಲೆಯಲ್ಲೇ ಓದಿ ಬಂದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30 ಸಾವಿರ ರೂಪಾಯಿ ಕೊಡುತ್ತದೆ. ಅರ್ಜಿ ಹಾಕುವ ಮುನ್ನ ಆ ವರ್ಷದ ನಿಯಮ ಓದಿ ಹೇಳಿ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಮಕ್ಕಳ ಪಾಸ್‌ವರ್ಡ್ ನೀವು ಬರೆದಿಟ್ಟುಕೊಳ್ಳಬೇಡಿ. ಆಧಾರ್ ಜೆರಾಕ್ಸ್ ನಿಮ್ಮ ಬಳಿ ಉಳಿಯಬಾರದು. ಕೀಬೋರ್ಡ್ ಮುಂದೆ ವಿದ್ಯಾರ್ಥಿ ಕೂರಲಿ, ನೀವು ಪಕ್ಕದಲ್ಲಿರಿ. ಮುಂದಿನ ವರ್ಷ ಅವರೇ ಮಾಡಿಕೊಳ್ಳುತ್ತಾರೆ.

ಶುಲ್ಕಕ್ಕೊಂದು ಸಣ್ಣ ನಿಧಿ

ಸ್ಕಾಲರ್‌ಶಿಪ್ ಬರುವುದು ತಡ, ಶುಲ್ಕ ಕಟ್ಟುವುದು ಮೊದಲು. ಕಷ್ಟ ಇರುವುದೇ ಈ ನಡುವಿನ ತಿಂಗಳುಗಳಲ್ಲಿ. ಪರೀಕ್ಷೆಯ ಅರ್ಜಿ, ಶುಲ್ಕ ಎಲ್ಲ ಈಗ ಯುಯುಸಿಎಂಎಸ್ ಎಂಬ, ವಿಶ್ವವಿದ್ಯಾಲಯ ಮತ್ತು ಕಾಲೇಜುಗಳ ಸರ್ಕಾರಿ ಪೋರ್ಟಲ್‌ನಲ್ಲಿ ನಡೆಯುತ್ತದೆ. ತಾರೀಕು ಮುಗಿದರೆ ದಂಡ, ಅದೂ ಮುಗಿದರೆ ಪರೀಕ್ಷೆಯೇ ಇಲ್ಲ. ಗುಂಪಿನವರು ತಿಂಗಳಿಗೆ ಇಷ್ಟು ಅಂತ ಹಾಕಿ. ಯಾರಿಗೆ ಕೊಡಬೇಕು ಅನ್ನುವುದನ್ನು ಅಧ್ಯಾಪಕರು ಹೇಳಲಿ. ಶುಲ್ಕ ನೇರವಾಗಿ ಕಟ್ಟಿ, ರಸೀದಿ ವಿದ್ಯಾರ್ಥಿಗೆ ಕೊಡಿ. ವೇದಿಕೆ ಮೇಲೆ ಕರೆದು ಚೆಕ್ ಕೊಟ್ಟು ಫೋಟೊ ತೆಗೆಸುವುದು ದಯವಿಟ್ಟು ಬೇಡ. ಹತ್ತೊಂಬತ್ತರ ಹುಡುಗಿಗೆ ಆ ಫೋಟೊ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ಸುತ್ತುವುದು ಎಷ್ಟು ನೋವು ಕೊಡುತ್ತದೆ ಅಂತ ಯೋಚಿಸಿ.

ಊಟ, ಓಡಾಟ, ಓದಲು ಜಾಗ

ಹಿಂದೆ ಬೆಂಗಳೂರು, ಮೈಸೂರಿನಲ್ಲಿ ವಾರಾನ್ನ ಉಂಡು ಓದಿದವರು ಬಹಳ ಮಂದಿ. ದಿನಕ್ಕೊಂದು ಮನೆಯಲ್ಲಿ ಊಟ. ದೊಡ್ಡ ಮನಸ್ಸಿನ ಪದ್ಧತಿ ಹೌದು, ಆದರೆ ಬಾಗಿಲು ತೆರೆಯುತ್ತಿದ್ದುದು ಜಾತಿ ನೋಡಿ. ಈಗ ನಾವು ಮಾಡುವುದು ಎಲ್ಲರಿಗೂ ಆಗಬೇಕು. ಹತ್ತಿರದ ದರ್ಶಿನಿಯವರ ಜೊತೆ ಮಾತಾಡಿ ತಿಂಡಿ ಕೂಪನ್ ಮಾಡಿಸಬಹುದು. ಹಣ ಯಾರು ಕಟ್ಟಿದರು ಅಂತ ಕೌಂಟರ್‌ನಲ್ಲಿ ಯಾರಿಗೂ ಗೊತ್ತಾಗಬೇಕಿಲ್ಲ. ಇಂದಿರಾ ಕ್ಯಾಂಟೀನ್ ಹತ್ತಿರ ಇದ್ದರೆ ಅದು ಎಲ್ಲಿ, ಎಷ್ಟು ಹೊತ್ತಿಗೆ ತೆರೆಯುತ್ತದೆ ಅಂತ ಹೊಸದಾಗಿ ಊರಿಂದ ಬಂದವರಿಗೆ ತೋರಿಸಿ.

ಬಸ್ಸಿನ ವಿಷಯಕ್ಕೆ ಬಂದರೆ, 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಹುಡುಗರು ಬಿಎಂಟಿಸಿ ವಿದ್ಯಾರ್ಥಿ ಪಾಸ್‌ಗೆ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಅದನ್ನೂ ಅದೇ ಟೇಬಲ್‌ನಲ್ಲಿ ಮಾಡಿಸಿ.

ಒಂದೇ ರೂಮಿನ ಮನೆಯಲ್ಲಿ ಟಿವಿ ಸದ್ದಿನ ನಡುವೆ ಓದುವುದು ಕಷ್ಟ ಅಲ್ವಾ? ಆಸ್ತಿ ತೆರಿಗೆ ಜೊತೆ ನಾವೆಲ್ಲ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೇವೆ. ಏರಿಯಾದ ಶಾಖಾ ಗ್ರಂಥಾಲಯಕ್ಕೆ ಹೋಗಿ, ಪರೀಕ್ಷೆ ಸಮಯದಲ್ಲಿ ಸಂಜೆ ಜಾಸ್ತಿ ಹೊತ್ತು ತೆರೆದಿಡಲು ಆಗುತ್ತದೆಯೇ ಎಂದು ಕೇಳಿ. ಆಗದಿದ್ದರೆ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್, ದೇವಸ್ಥಾನದ ಹಾಲ್, ಚರ್ಚ್ ಹಾಲ್ ಯಾವುದಾದರೂ ಸರಿ. ಫ್ಯಾನು, ಬೆಳಕು, ಕುಡಿಯುವ ನೀರು, ಶೌಚಾಲಯ ಇರಬೇಕು. ಹುಡುಗಿಯರು ಬರುವ ಕಡೆ ಗುಂಪಿನ ಒಬ್ಬ ಹೆಂಗಸು ಕೂತಿರಲಿ.

ಕೆಲಸ ಕೊಡುವವರನ್ನೂ ಸೇರಿಸಿಕೊಳ್ಳಿ

ಕೆಲಸ ಬಿಡು ಅಂತ ಇವರಿಗೆ ಹೇಳಲಾಗದು, ಮನೆ ಬಾಡಿಗೆ ಅದರಿಂದಲೇ ಹೋಗುತ್ತಿರುತ್ತದೆ. ಆದರೆ ಹಾಜರಾತಿ ಶೇ 75 ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಮೆಡಿಕಲ್ ಸ್ಟೋರ್, ಸೂಪರ್ ಮಾರ್ಕೆಟ್, ಆಡಿಟರ್ ಆಫೀಸ್ ನಡೆಸುವವರ ಬಳಿ ಹೋಗಿ ಎರಡೇ ವಿಷಯ ಕೇಳಿ: ಮಧ್ಯಾಹ್ನದ ಮೇಲಿನ ಶಿಫ್ಟ್, ಪರೀಕ್ಷೆಗೆ ರಜೆ. ರಜೆ ಕೇಳಿದ್ದಕ್ಕೆ ಕೆಲಸದಿಂದ ತೆಗೆಯಲ್ಲ ಅನ್ನುವ ಮಾತು ಸಿಕ್ಕರೆ ದೊಡ್ಡ ಧೈರ್ಯ. ಬಿ.ಕಾಂ. ಹುಡುಗನಿಗೆ ಆಡಿಟರ್ ಆಫೀಸಿನಲ್ಲಿ ಟ್ಯಾಲಿ (ಲೆಕ್ಕಪತ್ರದ ಸಾಫ್ಟ್‌ವೇರ್) ಕಲಿಯಲು ಸಿಕ್ಕರಂತೂ ಡಿಗ್ರಿ ಮುಗಿದ ಮೇಲೂ ಅದು ಕೈ ಹಿಡಿಯುತ್ತದೆ.

ಯಾವಾಗ ಶುರು?

ಪಿಯುಸಿ ಫಲಿತಾಂಶ ಬಂದು ಪದವಿ ಅಡ್ಮಿಷನ್ ಶುರುವಾಗುವ ಮೊದಲು ಪ್ರಾಂಶುಪಾಲರನ್ನು ಕಂಡಿರಿ. ಅಡ್ಮಿಷನ್ ವಾರದಲ್ಲಿ ‘ಎಸ್‌ಎಸ್‌ಪಿಗೆ ಬೇಕಾದ ದಾಖಲೆ’ ಅಂತ ಕನ್ನಡದಲ್ಲಿ ಒಂದು ಪುಟ ಪ್ರಿಂಟ್ ಮಾಡಿ ನೋಟಿಸ್ ಬೋರ್ಡಿಗೆ ಹಾಕಿಸಿ. ಹೊಸಬರು ಸೇರಿದ ಮೊದಲ ತಿಂಗಳಲ್ಲೇ ಟೇಬಲ್ ಶುರುವಾಗಲಿ. ಎರಡನೇ ವರ್ಷದ ಇಬ್ಬರು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಮುಂದಿನ ವರ್ಷ ಟೇಬಲ್ ಅವರದು. ಒಂದು ಎಕ್ಸ್‌ಟೆನ್ಷನ್ ಬಾಕ್ಸ್, ಸ್ಟೇಪ್ಲರ್, ಜೆರಾಕ್ಸ್‌ಗೆ ಚಿಲ್ಲರೆ ಮರೆಯದೆ ತೆಗೆದುಕೊಂಡು ಹೋಗಿ.