ಅಗ್ಗದ ಎಲೆಕ್ಟ್ರಿಕ್ ಗಿಟಾರ್: ಕತ್ತು ನೋಡಿ ಕೊಳ್ಳಿ, ಉಳಿದದ್ದನ್ನು ಸರಿಮಾಡಿಕೊಳ್ಳಿ

ಎಲೆಕ್ಟ್ರಿಕ್ ಗಿಟಾರ್ ಕೊಳ್ಳಬೇಕು ಅಂತ ಕಾರವಾರದ ಹುಡುಗರು, ಹುಡುಗಿಯರು ನನ್ನ ಹತ್ತಿರ ಬಂದಾಗ ಮೊದಲು ಕೇಳುವುದು ‘ಯಾವ ಕಂಪನಿದು ತಗೊಳ್ಳಲಿ?’ ಅಂತ. ಎರಡನೇ ಪ್ರಶ್ನೆ ಬಣ್ಣದ್ದು. ಕತ್ತಿನ, ಅಂದರೆ ಎಡಗೈ ಹಿಡಿಯುವ ಉದ್ದನೆಯ ಮರದ, ಬಗ್ಗೆ ಯಾರೂ ಕೇಳುವುದಿಲ್ಲ. ಅಗ್ಗದ ಗಿಟಾರ್ ಹತ್ತು ವರ್ಷ ಕೈಯಲ್ಲಿರುತ್ತದೋ, ಆರು ತಿಂಗಳಲ್ಲಿ ಅಟ್ಟ ಸೇರುತ್ತದೋ ಎಂಬುದು ಅದರ ಕತ್ತಿನ ಮೇಲೆ ನಿಂತಿದೆ. ಮಿಕ್ಕ ದೋಷಗಳು ಒಂದೋ ರಿಪೇರಿ ಆಗುತ್ತವೆ, ಇಲ್ಲ ಕೈಗೆ ಅಭ್ಯಾಸ ಆಗುತ್ತವೆ.

ನನ್ನದು ಸೆಕೆಂಡ್ ಹ್ಯಾಂಡ್. ಮಡಗಾಂವಿನಲ್ಲಿ 7,500 ರೂಪಾಯಿಗೆ ಕೊಂಡದ್ದು. ಕೋಡಿಬಾಗದ ನಮ್ಮ ಮನೆಯಲ್ಲಿ ಅದು 9 ಮಳೆಗಾಲ ಕಂಡಿದೆ. ಅದರ ಒಂದೊಂದು ಕುಂದೂ ನನಗೆ ಹೆಸರು ಹಿಡಿದು ಕರೆಯುವಷ್ಟು ಪರಿಚಯ. ಆ ಅನುಭವದಿಂದಲೇ ಇದನ್ನು ಬರೆಯುತ್ತಿದ್ದೇನೆ.

ದುಡ್ಡಿನ ಲೆಕ್ಕ ಮೊದಲು

ಕೈಯಲ್ಲಿ 15,000 ರೂಪಾಯಿ ಇದ್ದರೆ ಅಷ್ಟನ್ನೂ ಗಿಟಾರಿಗೇ ಸುರಿಯಬೇಡಿ. ಗಿಟಾರಿನ ಸದ್ದು ದೊಡ್ಡದು ಮಾಡುವ ಆಂಪ್ ಬೇಕು, ಕೇಬಲ್ ಬೇಕು, ಹೊಸ ತಂತಿ ಬೇಕು. ಗಿಟಾರಿಗೆ 10,000, ಉಳಿದದ್ದು ಇವಕ್ಕೆ ಅಂತ ಇಟ್ಟುಕೊಳ್ಳಿ. ಮನೆಯಲ್ಲಿ ಕಲಿಯಲು 10 ವ್ಯಾಟ್‌ನ ಸಣ್ಣ ಆಂಪ್ ಧಾರಾಳ ಸಾಕು. ಅಕ್ಕಪಕ್ಕದವರ ನಿದ್ದೆಯ ಯೋಚನೆ ಇದ್ದರೆ ಹೆಡ್‌ಫೋನ್ ಆಂಪ್ ತೆಗೆದುಕೊಳ್ಳಿ. ಬ್ಯಾಟರಿಯಲ್ಲಿ ನಡೆಯುತ್ತದೆ, ಜುಲೈ ತಿಂಗಳಲ್ಲಿ ಕರೆಂಟ್ ಹೋದಾಗಲೂ ನುಡಿಸಬಹುದು.

ಆನ್‌ಲೈನ್‌ನಲ್ಲಿ ತರಿಸಬಹುದು, ಆದರೆ ಮುಟ್ಟಿ ನೋಡಿ ತರುವುದಕ್ಕೆ ಅದು ಸಮ ಅಲ್ಲ. ಕಾರವಾರದವರಿಗೆ ಮಡಗಾಂವ್ 70 ಕಿಲೋಮೀಟರ್ ಆಸುಪಾಸು, ರೈಲಿದೆ. ಶಿರಸಿಯವರಿಗೆ ಹುಬ್ಬಳ್ಳಿ ಹತ್ತಿರ. ಗೋವಾದಲ್ಲಿ ಬ್ಯಾಂಡ್ ಕಟ್ಟಿ ನುಡಿಸುವವರು ಜಾಸ್ತಿ. ಹಾಗಾಗಿ ಹಳೆಯ ಗಿಟಾರ್ ಮಾರಿ ಹೊಸದಕ್ಕೆ ಹೋಗುವವರೂ ಸಿಗುತ್ತಾರೆ. ಅದೇ ದುಡ್ಡಿಗೆ ಹೊಸದಕ್ಕಿಂತ ಒಂದು ಮೆಟ್ಟಿಲು ಮೇಲಿನ ವಾದ್ಯ ಸಿಗುವುದು ಸೆಕೆಂಡ್ ಹ್ಯಾಂಡ್‌ನಲ್ಲೇ. ಕೆಲವು ವರ್ಷ ಬಾಗದೆ ನಿಂತ ಕತ್ತು ಮುಂದೆಯೂ ನಿಲ್ಲುತ್ತದೆ ಅನ್ನುವ ಧೈರ್ಯವೂ ಇರುತ್ತದೆ.

ಕೈಗೆ ಸಿಕ್ಕಿದ ಮೇಲೆ

ಮೊದಲು ಆಂಪ್‌ಗೆ ಚುಚ್ಚಬೇಡಿ. ಸದ್ದು ಬಂದ ಕೂಡಲೇ ಮನಸ್ಸು ಸೋಲುತ್ತದೆ, ಆಮೇಲೆ ಕಣ್ಣು ಏನನ್ನೂ ನೋಡುವುದಿಲ್ಲ. ಗಿಟಾರನ್ನು ಬಂದೂಕಿನ ಹಾಗೆ ಹಿಡಿದು, ಬ್ರಿಡ್ಜ್, ಅಂದರೆ ಗಿಟಾರಿನ ಮೈಮೇಲೆ ತಂತಿ ಕೂರುವ ಲೋಹದ ಭಾಗ, ಇರುವ ಕಡೆಯಿಂದ ಕತ್ತಿನ ಉದ್ದಕ್ಕೂ ಒಂದೇ ಕಣ್ಣಲ್ಲಿ ನೋಡಿ. ಫ್ರೆಟ್‌ಗಳು, ಅಂದರೆ ಕತ್ತಿಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳು, ರೈಲು ಹಳಿಯ ಸ್ಲೀಪರ್‌ಗಳ ಹಾಗೆ ಒಂದಕ್ಕೊಂದು ಸಮಾನಾಂತರ ಕಾಣಬೇಕು. ತುದಿಯ ಫ್ರೆಟ್ ಒಂದು ಕಡೆ ವಾಲಿದ್ದರೆ ಕತ್ತು ತಿರುಚಿಕೊಂಡಿದೆ. ಅಂಥದ್ದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ. ಅದನ್ನು ಸರಿಮಾಡುವ ಖರ್ಚಿಗೆ ಇನ್ನೊಂದು ಗಿಟಾರ್ ಬರುತ್ತದೆ.

ಮುಂದಕ್ಕೋ ಹಿಂದಕ್ಕೋ ಸ್ವಲ್ಪ ಬಾಗಿದ್ದರೆ ಹೆದರಬೇಡಿ. ಕತ್ತಿನ ಒಳಗೆ ಟ್ರಸ್ ರಾಡ್ ಎಂಬ ಕಬ್ಬಿಣದ ಸರಳು ಇರುತ್ತದೆ, ಬಾಗು ಸರಿಮಾಡಲೆಂದೇ ಅದನ್ನು ಇಟ್ಟಿರುತ್ತಾರೆ. ಅದರ ತಿರುಪು ಓಡುತ್ತದೆಯೇ ಅಂತ ಮಾತ್ರ ಮಾರುವವರ ಎದುರೇ ನೋಡಿಕೊಳ್ಳಿ. ಜಾಮ್ ಆಗಿದ್ದರೆ ಬಿಟ್ಟು ಬನ್ನಿ.

ನಂತರ ಆರೂ ತಂತಿಗಳನ್ನು ಒಂದೊಂದೇ ಫ್ರೆಟ್‌ನಲ್ಲಿ ಒತ್ತಿ ನುಡಿಸಿ. 21 ಅಥವಾ 22 ಫ್ರೆಟ್ ಇರುತ್ತವೆ, ಹತ್ತು ನಿಮಿಷದ ಕೆಲಸ. ನಾಚಿಕೊಳ್ಳಬೇಡಿ. ಎಲ್ಲಾ ಕಡೆ ಸ್ವಲ್ಪ ‘ಜುಂಯ್’ ಅಂದರೆ ಅದು ಸೆಟಪ್‌ನ, ಅಂದರೆ ಕತ್ತು, ತಂತಿಯ ಎತ್ತರದ ಹೊಂದಾಣಿಕೆಯ, ತೊಂದರೆ, ಮನೆಯಲ್ಲೇ ಹೋಗುತ್ತದೆ. ಒಂದೇ ಜಾಗದಲ್ಲಿ ಸ್ವರ ಸತ್ತರೆ ಅಲ್ಲೊಂದು ಫ್ರೆಟ್ ಎದ್ದಿದೆ. ಅದನ್ನು ನೆನಪಿಟ್ಟುಕೊಂಡು ಬೆಲೆ ಇಳಿಸಲು ಕೇಳಿ.

ವಾಲ್ಯೂಮ್ ತಿರುಗಿಸಿದಾಗ ಕರಕರ ಸದ್ದು, ಕೇಬಲ್ ಚುಚ್ಚುವ ಜ್ಯಾಕ್ ಸಡಿಲ, ಬಣ್ಣ ಹೋದ ಅಂಚು, ತುಕ್ಕು ಹಿಡಿದ ತಂತಿ, ಇವೆಲ್ಲ ಲೆಕ್ಕಕ್ಕಿಲ್ಲ. ಕಾಂಟ್ಯಾಕ್ಟ್ ಕ್ಲೀನರ್ ಮತ್ತು ಸ್ಪ್ಯಾನರ್‌ನಲ್ಲಿ ಮುಗಿಯುವ ಕೆಲಸ.

ಒಂದು ಮಾತು ಒತ್ತಿ ಹೇಳುತ್ತೇನೆ. ಬ್ರಿಡ್ಜ್‌ಗೆ ಅಲುಗಾಡಿಸುವ ಕಡ್ಡಿ, ಅಂದರೆ ಟ್ರೆಮೊಲೊ ಇಲ್ಲದ್ದು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಅಗ್ಗದ ಟ್ರೆಮೊಲೊ ಒಮ್ಮೆ ಒತ್ತಿ ಬಿಟ್ಟರೆ ಮೊದಲಿನ ಶ್ರುತಿಗೆ ವಾಪಸ್ ಬರುವುದು ಕಷ್ಟ. ಇದ್ದದ್ದೇ ಸಿಕ್ಕಿತು ಅಂತಾದರೆ, ಹಿಂದಿನ ಮುಚ್ಚಳ ತೆಗೆದು 3 ಸ್ಪ್ರಿಂಗ್ ಇರುವಲ್ಲಿ 5 ಹಾಕಿ, ಬ್ರಿಡ್ಜ್ ಮರಕ್ಕೆ ಅಂಟಿ ಕೂರುವವರೆಗೆ ತಿರುಪು ಬಿಗಿ ಮಾಡಿ. ಕಡ್ಡಿ ತೆಗೆದಿಡಿ. ನಾನು ಮಾಡಿದ್ದು ಇದನ್ನೇ. ಅವತ್ತಿನಿಂದ ಶ್ರುತಿ ನಿಂತಿದೆ.

ಮರದ ಬಗ್ಗೆಯೂ ಒಂದೆರಡು ಮಾತು. ಹಿಂದೆ ಬೆರಳು ಒತ್ತುವ ಪಟ್ಟಿಗೆ ಬೀಟೆ ಮರ ಹಾಕುವುದು ರೂಢಿ. 2017ರಲ್ಲಿ ಬೀಟೆ ಕುಲದ ಎಲ್ಲಾ ಮರಗಳ ಅಂತರರಾಷ್ಟ್ರೀಯ ವ್ಯಾಪಾರ, ಅಪಾಯದಲ್ಲಿರುವ ಗಿಡ, ಪ್ರಾಣಿಗಳನ್ನು ಕಾಯುವ ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಬಂತು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಅಷ್ಟರಲ್ಲಿ ಅಗ್ಗದ ಮಾದರಿಗಳು ಬೇರೆ ಮರಕ್ಕೆ ಹೋಗಿದ್ದವು. ಫೆಂಡರ್ ಕಂಪನಿಯ ಅಗ್ಗದ ಬ್ರ್ಯಾಂಡ್ ಸ್ಕ್ವಾಯರ್‌ನ ಎಷ್ಟೋ ಮಾದರಿಗಳಲ್ಲಿ ‘ಇಂಡಿಯನ್ ಲಾರೆಲ್’ ಅಂತ ಬರೆದಿರುತ್ತದೆ. ಅದು ಬೇರೆ ಯಾವುದೂ ಅಲ್ಲ, ನಮ್ಮ ಮತ್ತಿ. ಶಿರಸಿ, ಯಲ್ಲಾಪುರದ ಕಾಡಿನಲ್ಲಿ ಮೊಸಳೆ ಚರ್ಮದಂಥ ತೊಗಟೆ ಹೊತ್ತು ನಿಂತಿರುವ ಅದೇ ಮತ್ತಿ. ಬೀಟೆ ಅಲ್ಲವಲ್ಲ ಅಂತ ಬೇಜಾರು ಮಾಡಿಕೊಳ್ಳುವವರಿಗೆ ನಾನು ಇದನ್ನು ಹೇಳುತ್ತೇನೆ. ಮನೆ ಕಟ್ಟಲು ಆಗುವ ಮರ ಬೆರಳಿಗೂ ಆಗುತ್ತದೆ.

ಮನೆಗೆ ತಂದ ಮೇಲೆ

ಅಗ್ಗದ ಗಿಟಾರಿನ ದೊಡ್ಡ ಕೊರತೆ ಏನು ಗೊತ್ತಾ? ಕಾರ್ಖಾನೆಯಲ್ಲಿ ಯಾರೂ ಅದರ ಮೇಲೆ ಕೊನೆಯ ಅರ್ಧ ಗಂಟೆ ಕೂತಿರುವುದಿಲ್ಲ. ಆ ಅರ್ಧ ಗಂಟೆಯನ್ನು ನೀವು ಕೊಡಬೇಕು. ಅಲೆನ್ ಕೀ, ಸಣ್ಣ ಸ್ಕ್ರೂ ಡ್ರೈವರ್, ಸ್ಟೀಲ್ ಸ್ಕೇಲ್, ಮೊಬೈಲ್‌ನಲ್ಲಿ ಟ್ಯೂನರ್ ಆ್ಯಪ್, ಒಂದು ಪೆನ್ಸಿಲ್. ಇಷ್ಟು ಸಾಕು.

ಹಳೇ ತಂತಿ ತೆಗೆದು ಹೊಸದು ಹಾಕಿ. ಹೊಸಬರ ಬೆರಳಿಗೆ 9ರ ಸೆಟ್ ಹಗುರ. ಇಲ್ಲಿ 9 ಅಂದರೆ ಎಲ್ಲಕ್ಕಿಂತ ಸಣ್ಣದಾದ ಮೊದಲ ತಂತಿಯ ದಪ್ಪ 0.009 ಇಂಚು. ತಂತಿ ಬಿಚ್ಚಿದಾಗ ನಟ್‌ನ, ಅಂದರೆ ಕತ್ತಿನ ತುದಿಯಲ್ಲಿ ತಂತಿ ಕೂರುವ ಬಿಳಿ ಪಟ್ಟಿಯ, ಆರೂ ಸೀಳಿಗೆ ಪೆನ್ಸಿಲ್ ಮೊನೆ ಉಜ್ಜಿ. ಆ ಕಪ್ಪು ಪುಡಿ ತಂತಿಯನ್ನು ಜಾರಿಸುತ್ತದೆ. ಶ್ರುತಿ ಮಾಡುವಾಗ ‘ಟಿಣ್’ ಅಂತ ಸದ್ದಾಗಿ ಸ್ವರ ಒಮ್ಮೆಲೇ ಹಾರುತ್ತಿದ್ದರೆ ತಂತಿ ಅಲ್ಲಿ ಸಿಕ್ಕಿಕೊಳ್ಳುತ್ತಿದೆ ಅಂತ ಅರ್ಥ. ಎಷ್ಟೋ ಜನ ಸುಮ್ನೆ ತಂತಿ ಬಿಗಿಯುವ ಕೀಗಳನ್ನು ಬೈದು ಹೊಸ ಕೀ ತರಿಸುತ್ತಾರೆ.

ಆಮೇಲೆ ಕತ್ತು. ಒಂದೇ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ. 8ನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ವಿಸಿಟಿಂಗ್ ಕಾರ್ಡ್ ತೂರುವಷ್ಟು, ಸುಮಾರು 0.25 ಮಿ.ಮೀ. ಸಂದು ಇರಬೇಕು. ಜಾಸ್ತಿ ಇದ್ದರೆ ಟ್ರಸ್ ರಾಡನ್ನು ಗಡಿಯಾರದ ದಿಕ್ಕಿನಲ್ಲಿ ಕಾಲು ಸುತ್ತು ಬಿಗಿ ಮಾಡಿ. ಸಂದೇ ಇಲ್ಲದಿದ್ದರೆ ಕಾಲು ಸುತ್ತು ಸಡಿಲಿಸಿ. ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಲೇ ಬೇಡ. ಮತ್ತೆ ಶ್ರುತಿ ಮಾಡಿ, ಒಂದು ರಾತ್ರಿ ಬಿಟ್ಟು ನೋಡಿ. ಮರಕ್ಕೆ ಸಮಯ ಬೇಕು.

ಕತ್ತು ಸರಿಯಾದ ಮೇಲೆಯೇ ತಂತಿಯ ಎತ್ತರ ಮುಟ್ಟಬೇಕು. ಬ್ರಿಡ್ಜ್ ಮೇಲೆ ಒಂದೊಂದು ತಂತಿಯನ್ನೂ ಹೊತ್ತಿರುವ ಸಣ್ಣ ಸ್ಯಾಡಲ್‌ಗಳನ್ನು ಏರಿಸಿ ಇಳಿಸಿ, 12ನೇ ಫ್ರೆಟ್‌ನಲ್ಲಿ ತಂತಿಯ ಕೆಳಗೆ 1.5ರಿಂದ 2 ಮಿ.ಮೀ. ಉಳಿಸಿಕೊಳ್ಳಿ. ಇನ್ನೂ ಕೆಳಗೆ ಇಳಿಸುವ ಆಸೆ ಬರುತ್ತದೆ. ಅಗ್ಗದ ಫ್ರೆಟ್‌ಗಳು ಅದನ್ನು ತಡೆದುಕೊಳ್ಳುವುದಿಲ್ಲ.

ಕೊನೆಗೆ ಇಂಟೊನೇಷನ್. ತಂತಿಯನ್ನು ಒತ್ತಿದಾಗ ಅದು ಸ್ವಲ್ಪ ಹಿಗ್ಗುತ್ತದೆ, ಸ್ವರ ಸ್ವಲ್ಪ ಮೇಲೆ ಹೋಗುತ್ತದೆ. ಅದನ್ನು ಸರಿದೂಗಿಸಲು ಸ್ಯಾಡಲ್ ಹಿಂದೆ ಮುಂದೆ ಸರಿಯುತ್ತದೆ. 12ನೇ ಫ್ರೆಟ್ ಮೇಲೆ ತಂತಿಯನ್ನು ಒತ್ತದೆ ಬೆರಳು ತಾಗಿಸಿ ಹಾರ್ಮೋನಿಕ್ ನುಡಿಸಿ, ಆಮೇಲೆ ಅದೇ ಜಾಗದಲ್ಲಿ ಒತ್ತಿ ನುಡಿಸಿ. ಟ್ಯೂನರ್‌ನಲ್ಲಿ ಎರಡೂ ಒಂದೇ ತೋರಿಸಬೇಕು. ಒತ್ತಿದ ಸ್ವರ ಮೇಲಿದ್ದರೆ ಸ್ಯಾಡಲ್ ಹಿಂದಕ್ಕೆ, ಕೆಳಗಿದ್ದರೆ ಕತ್ತಿನ ಕಡೆಗೆ. ಇದಕ್ಕೆ ಹೊಸ ತಂತಿಯೇ ಇರಬೇಕು, ಹಳೆಯದರಲ್ಲಿ ಲೆಕ್ಕ ತಪ್ಪುತ್ತದೆ.

ಆ ‘ಗುಂಯ್’ ಸದ್ದು

ಪಿಕಪ್ ಅಂದರೆ ಅಯಸ್ಕಾಂತದ ಸುತ್ತ ಕೂದಲಿನಷ್ಟು ಸಣ್ಣ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ್ದು. ಅದು ಗಿಟಾರಿನ ತಂತಿಯ ನಡುಕವನ್ನು ಹಿಡಿದ ಹಾಗೆಯೇ ಮನೆಯ 50 ಹರ್ಟ್ಸ್ ಕರೆಂಟನ್ನೂ ಹಿಡಿಯುತ್ತದೆ. ಆಂಪ್‌ನಲ್ಲಿ ಕೇಳುವ ಗುಂಯ್ ಅದೇ. ಒಂದೇ ಸುರುಳಿಯ ಪಿಕಪ್‌ಗೆ ಇದು ಹುಟ್ಟುಗುಣ. ದುಬಾರಿ ಗಿಟಾರಿನಲ್ಲೂ ಇರುತ್ತದೆ. 1955ರಲ್ಲಿ ಗಿಬ್ಸನ್ ಕಂಪನಿಯ ಸೇಥ್ ಲವರ್ ಎರಡು ಸುರುಳಿಗಳನ್ನು ಒಂದಕ್ಕೊಂದು ಉಲ್ಟಾ ಜೋಡಿಸಿ ಈ ಗುಂಯ್ ಅನ್ನು ಕಳೆದರು. ಅದೇ ಹಂಬಕರ್. ಸದ್ದು ತಡೆಯಲಾಗದವರು ಕೊಳ್ಳುವಾಗಲೇ ಹಂಬಕರ್ ಇರುವುದನ್ನು ಆರಿಸಿಕೊಳ್ಳಿ.

ನಮ್ಮ ಮನೆಯಲ್ಲಿ ತೊಂದರೆ ಇದ್ದದ್ದು ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್‌ನಲ್ಲಿ. ಫ್ಯಾನ್ 3ರಲ್ಲಿ ಇದ್ದರೆ ಜೇನುಗೂಡಿನ ಸದ್ದು, ಪೂರ್ತಿ 5ಕ್ಕೆ ತಿರುಗಿಸಿದರೆ ನಿಶ್ಶಬ್ದ. ಇದು ಗೊತ್ತಾಗಲು ನನಗೆ ಒಂದು ಬೇಸಿಗೆ ಬೇಕಾಯಿತು. ನೀವು ಮೊದಲ ದಿನವೇ ಮನೆಯ ಒಂದೊಂದು ಸ್ವಿಚ್ ಆರಿಸಿ ನೋಡಿ. ಕುಳಿತ ದಿಕ್ಕು ಬದಲಿಸಿದರೂ ಸದ್ದು ಕಮ್ಮಿ ಆಗುತ್ತದೆ.

ತಂತಿ ಮುಟ್ಟಿದಾಗ ಸದ್ದು ಇಳಿದರೆ ಗಿಟಾರಿನ ಒಳಗಿನ ಗ್ರೌಂಡ್ ವೈರ್ ಸರಿ ಇದೆ ಅಂತ ಅರ್ಥ. ತಂತಿ ಮುಟ್ಟಿದಾಗ ಜುಮ್ಮೆನ್ನುವ ಶಾಕ್ ಬಂದರೆ ಆ ಕ್ಷಣ ಪ್ಲಗ್ ಕಿತ್ತು ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ. ಹಳೇ ಮನೆಗಳಲ್ಲಿ ಅರ್ಥಿಂಗ್ ಇಲ್ಲದ ಪಾಯಿಂಟ್‌ಗಳು ಇರುತ್ತವೆ. ಆಂಪ್‌ನ ಮೂರನೇ ಪಿನ್ ಮುರಿದು ಎರಡು ಪಿನ್ನಿನ ಸಾಕೆಟ್‌ಗೆ ಸಿಕ್ಕಿಸುವವರನ್ನು ನೋಡಿದ್ದೇನೆ. ಜೀವಕ್ಕೆ ಅಪಾಯ, ದಯವಿಟ್ಟು ಮಾಡಬೇಡಿ. ಗುಡುಗು ಸಿಡಿಲಿದ್ದಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಹೊರಗೆ ತೆಗೆಯಿರಿ.

ಮಳೆಗಾಲ ಮತ್ತು ಉಪ್ಪುಗಾಳಿ

ಜೂನ್‌ನಲ್ಲಿ ನಮ್ಮ ಮನೆಯ ಹಿಂಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಮದ್ದಳೆಯ ಚರ್ಮ ಸಡಿಲ ಆಗುತ್ತದೆ. ಹಾಗಿದ್ದ ಮೇಲೆ ಗಿಟಾರಿನ ಕತ್ತು ಮಾತ್ರ ಸುಮ್ಮನಿರುತ್ತದಾ? ಅದೂ ಬಾಗುತ್ತದೆ. ಯಾವ ಕಡೆಗೆ ಎಂಬುದು ಗಿಟಾರಿನಿಂದ ಗಿಟಾರಿಗೆ ಬೇರೆ. ನನ್ನದು ಮುಂದಕ್ಕೆ ಬಾಗುತ್ತದೆ, ತಂತಿ ಮೇಲೇಳುತ್ತದೆ. ಜೂನ್ ಕೊನೆಯಲ್ಲಿ ಕಾಲು ಸುತ್ತು ಬಿಗಿ, ನವೆಂಬರ್‌ನಲ್ಲಿ ಕಾಲು ಸುತ್ತು ಸಡಿಲ. ವರ್ಷಕ್ಕೆ ಎರಡು ಸಲ. ಅಷ್ಟೇ ಅದರ ಆರೈಕೆ.

ಘಟ್ಟದ ಮೇಲಿನವರಿಗೆ ಇನ್ನೊಂದು ತಾಪತ್ರಯ. ಜನವರಿ, ಫೆಬ್ರವರಿಯ ಒಣ ಹವೆಗೆ ಮರ ಕುಗ್ಗುತ್ತದೆ, ಲೋಹದ ಫ್ರೆಟ್ ಕುಗ್ಗುವುದಿಲ್ಲ. ಫ್ರೆಟ್ ತುದಿಗಳು ಹೊರಗೆ ಇಣುಕಿ ಅಂಗೈ ಗೀರುತ್ತವೆ. ಮರದ ಮೇಲೆ ಟೇಪ್ ಅಂಟಿಸಿ, ನಯವಾದ ಅರದಿಂದ ತುದಿಗಳನ್ನಷ್ಟೇ ಉಜ್ಜಿದರೆ ಆಯಿತು.

ಕರಾವಳಿಯಲ್ಲಿ ನಿಜವಾದ ಶತ್ರು ಉಪ್ಪುಗಾಳಿ. ನನ್ನ ಗಿಟಾರಿನ ಸ್ಯಾಡಲ್ ತಿರುಪುಗಳು ಅಕ್ಕಿಕಾಳಿನಷ್ಟು. ಎರಡನೇ ವರ್ಷ ಅದರಲ್ಲಿ ಒಂದು ತುಕ್ಕು ಹಿಡಿದು ಕೂತುಬಿಟ್ಟಿತು. ಬಲ ಹಾಕಿದ್ದಕ್ಕೆ ಅಲೆನ್ ಕೀ ಕೂರುವ ಕುಳಿಯೇ ಸವೆದು ದುಂಡಗಾಯಿತು. ಇಂದಿಗೂ ಆ ತಂತಿ ಮಿಕ್ಕವಕ್ಕಿಂತ ಕೂದಲೆಳೆ ಎತ್ತರದಲ್ಲೇ ಇದೆ. ಆಮೇಲಿನಿಂದ ಪ್ರತಿ ತಿಂಗಳು ಹಲ್ಲುಜ್ಜುವ ಹಳೇ ಬ್ರಷ್‌ಗೆ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಹಾಕಿ ಬ್ರಿಡ್ಜ್‌ಗೆ ಸವರುತ್ತೇನೆ. ಬೆರಳು ಪಟ್ಟಿಗೆ ಕೊಬ್ಬರಿ ಎಣ್ಣೆ ಹಚ್ಚಬಾರದು. ಮನೆಯಲ್ಲಿ ಕೈಗೆ ಸಿಗುತ್ತದೆ ನಿಜ, ಆದರೆ ಅದು ಅಲ್ಲೇ ಕೂತು ಕಮಟುತ್ತದೆ.

ನುಡಿಸಿ ಮುಗಿದ ಮೇಲೆ ಹಳೇ ಬನಿಯನ್ ತುಂಡಿನಿಂದ ಪ್ರತಿ ತಂತಿಯನ್ನು ಮೇಲೂ ಕೆಳಗೂ ಒರೆಸಿ. ಮೊದಲು ಕಂದು ಚುಕ್ಕೆ ಬರುವುದು ಸಣ್ಣ ಮೂರು ತಂತಿಗಳಲ್ಲಿ. ಗಿಟಾರನ್ನು ಗೋಡೆಗೆ ಒರಗಿಸಿ ಇಡಬೇಡಿ, ಮಳೆಗಾಲದ ಗೋಡೆ ಬೆವರುತ್ತದೆ. ಬ್ಯಾಗಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಆದರೆ ವಾರಗಟ್ಟಲೆ ಮುಚ್ಚಿಡಬೇಡಿ, ಬೂಸ್ಟು ಹಿಡಿಯುತ್ತದೆ. ದಿನಾ ಹೊರಗೆ ತೆಗೆದು ನುಡಿಸುವುದೇ ಒಳ್ಳೆಯದು.

ಉಳಿದ ಕುಂದು

ಎದ್ದ ಫ್ರೆಟ್ ಹುಡುಕುವ ಸುಲಭ ದಾರಿ ಹೇಳುತ್ತೇನೆ. ಅವಧಿ ಮುಗಿದ ಎಟಿಎಂ ಕಾರ್ಡನ್ನು ಬೇರೆ ಬೇರೆ ಅಗಲಕ್ಕೆ ಕತ್ತರಿಸಿ. ಕಾರ್ಡಿನ ಮೂಲ ಅಂಚು ನೇರ ಇರುತ್ತದೆ. ಅದನ್ನು ಸರಿಯಾಗಿ ಮೂರು ಫ್ರೆಟ್‌ಗಳ ಮೇಲೆ ನಿಲ್ಲಿಸಿ. ಆಚೀಚೆ ತೂಗಿದರೆ ನಡುವಿನದು ಎದ್ದಿದೆ. ನನ್ನ ಗಿಟಾರಿನಲ್ಲಿ 16ನೆಯದು ತೂಗಿತು. ಎರಡನೇ ತಂತಿಯನ್ನು 15ರಲ್ಲಿ ಒತ್ತಿದರೆ ಆ ತಂತಿ 16ಕ್ಕೆ ತಾಗಿ ಸ್ವರ ಕೆಮ್ಮಿದ ಹಾಗೆ ನಿಲ್ಲುತ್ತದೆ. ಪ್ಲಾಸ್ಟಿಕ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿದೆ. ಅರ್ಧ ಕೂತಿತು, ಅರ್ಧ ಇಲ್ಲ. ಎಲ್ಲಾ ಫ್ರೆಟ್ ಉಜ್ಜಿ ಸಮ ಮಾಡಿಸಬಹುದು. ಅದಕ್ಕೆ ಕೇಳಿದ ದುಡ್ಡು ನಾನು ಗಿಟಾರಿಗೆ ಕೊಟ್ಟದ್ದರ ಅರ್ಧ. ಬೇಡ ಅಂದುಕೊಂಡೆ.

ಎರಡನೇ ತಂತಿಯ 15ರಲ್ಲಿ ಇರುವುದು ಡಿ ಸ್ವರ. ಅದೇ ಡಿ ಮೊದಲ ತಂತಿಯ 10ರಲ್ಲೂ ಇದೆ, ಮೂರನೇ ತಂತಿಯ 19ರಲ್ಲೂ ಇದೆ. ಮೊದಲ ತಂತಿಯಲ್ಲಿ ಸ್ವಲ್ಪ ತೆಳು, ಮೂರನೆಯದರಲ್ಲಿ ದಪ್ಪ. ಕಷ್ಟಪಟ್ಟು ಎರಡೂ ಕಡೆ ಕೈ ಕೂರಿಸಿದೆ. ಈಗ ಆ ಸ್ವರ ಬರುವ ಎರಡು ಮಾತ್ರೆ ಮೊದಲೇ ಕೈ ತಾನಾಗಿ 10ರ ಕಡೆ ಹೊರಟಿರುತ್ತದೆ.