ಅಂಗೈ ಶಾಖಕ್ಕೆ ಬಿಟ್ಟುಕೊಂಡ ರಕ್ತದ ಗಂಟು

ನಾನು ಕೊಡಗಿನ ಒಂದು ಸಣ್ಣ ಲ್ಯಾಬಿನಲ್ಲಿ ಟೆಕ್ನಿಷಿಯನ್. ಜನವರಿಯ ಒಂದು ಬೆಳಿಗ್ಗೆ ಮೆಷಿನ್ ಕೊಟ್ಟ ರಿಪೋರ್ಟ್ ನೋಡಿ ಕೈ ನಿಂತಿತು. ಹಿಮೋಗ್ಲೋಬಿನ್ 7.6. ಅಷ್ಟು ಕಡಿಮೆ ಇರುವವರು ನಮ್ಮಲ್ಲಿಗೆ ಬರುತ್ತಲೇ ಇರುತ್ತಾರೆ. ಆದರೆ ಕೆಂಪು ಕಣಗಳ ಎಣಿಕೆ ಬರೀ 12 ಲಕ್ಷ, ಎಂಸಿಎಚ್‌ಸಿ, ಅಂದರೆ ಕಣದೊಳಗೆ ಹಿಮೋಗ್ಲೋಬಿನ್ ಎಷ್ಟು ದಟ್ಟವಾಗಿದೆ ಅನ್ನುವ ಅಂಕಿ, 53! ಕಣದೊಳಗೆ ಅಷ್ಟು ಹಿಮೋಗ್ಲೋಬಿನ್ ಹಿಡಿಸುವುದೇ ಇಲ್ಲ. 37 ದಾಟಿದರೇ ನಾನು ಸ್ಯಾಂಪಲ್ ಮತ್ತೆ ನೋಡುತ್ತೇನೆ.

ಟ್ಯೂಬನ್ನು ಬೆಳಕಿಗೆ ಹಿಡಿದು ಓರೆ ಮಾಡಿದೆ. ಒಳಗಡೆ ರಕ್ತ ಮರಳು ಮರಳಾಗಿ ಅಂಟಿಕೊಂಡಿತ್ತು. ಕಡ್ಡಿ ಹಾಕಿ ನೋಡಿದೆ, ಹೆಪ್ಪು ಸಿಗಲಿಲ್ಲ. ಅಂಗೈಯಲ್ಲಿ ಮುಚ್ಚಿ ಹಿಡಿದುಕೊಂಡೆ. ಸ್ವಲ್ಪ ಹೊತ್ತಿಗೆ ಆ ಮರಳು ಕಮ್ಮಿಯಾಗುತ್ತಾ ಬಂತು. 37 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆ ಇಟ್ಟು, ಆರಲು ಬಿಡದೆ ಮೆಷಿನ್‌ಗೆ ಕೊಟ್ಟೆ. ಎಣಿಕೆ 24 ಲಕ್ಷ, ಎಂಸಿಎಚ್‌ಸಿ 33. ಮೊದಲು ಗಂಟು ಕಟ್ಟಿದ ಕಣಗಳನ್ನು ಮೆಷಿನ್ ಒಂದೇ ಕಣ ಅಂತ ಎಣಿಸಿತ್ತು. ಹಿಮೋಗ್ಲೋಬಿನ್ ಮಾತ್ರ ಅಷ್ಟೇ ಇತ್ತು. ಕಣ ಒಡೆದು ಅಳೆಯುವುದರಿಂದ ಅದಕ್ಕೆ ಗಂಟಿನ ಕಾಟ ಇಲ್ಲ.

ಇದನ್ನು ಕೋಲ್ಡ್ ಅಗ್ಲುಟಿನಿನ್ ಅನ್ನುತ್ತಾರೆ. ರೋಗಾಣುಗಳ ಮೇಲೆ ಬೀಳಬೇಕಾದ ಆ್ಯಂಟಿಬಾಡಿ, ಚಳಿ ತಾಗಿದಾಗ ನಮ್ಮದೇ ಕೆಂಪು ಕಣಗಳನ್ನು ಹಿಡಿದುಕೊಳ್ಳುತ್ತದೆ. 120 ದಿನ ಬಾಳಬೇಕಾದ ಕಣ ಬೇಗ ನಾಶವಾಗುತ್ತದೆ. ಮೂಳೆಯ ಮಜ್ಜೆ ಎಷ್ಟು ಹೊಸ ಕಣ ಮಾಡಿದರೂ ಸಾಲುವುದಿಲ್ಲ.

ಆ ರಕ್ತ ಕೊಟ್ಟಾಕೆ ಕಾಫಿ ತೋಟದ ಕೆಲಸದವರು. ಐದು ತಿಂಗಳಿಂದ ಕಬ್ಬಿಣದ ಮಾತ್ರೆ ನುಂಗುತ್ತಿದ್ದರು. "ಚಳಿಗೆ ಬೆರಳೆಲ್ಲ ನೀಲಿ ಆಗ್ತದೆ ತಮ್ಮಾ" ಅಂದರು. ಕಣ್ಣಿನ ಬಿಳಿಭಾಗ ಹಳದಿ ಇತ್ತು. ಇದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ ಅನ್ನುವುದೇ ನನಗೆ ಬೇಜಾರು. ಕಬ್ಬಿಣ ಕಡಿಮೆ ಇದ್ದರೆ ಕಣ್ಣು ಹಳದಿ ಆಗುವುದಿಲ್ಲ ಅಲ್ವಾ? ಕಣ ಒಡೆಯುತ್ತಿದ್ದರೆ ಆಗುತ್ತದೆ.

ರಿಪೋರ್ಟಿನಲ್ಲಿ ಸುಮ್ನೆ ಅಂಕಿ ಬರೆದು ಕಳಿಸದೆ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಕೂಂಬ್ಸ್ ಟೆಸ್ಟ್ ಬರೆದರು, ಕೆಂಪು ಕಣದ ಮೇಲೆ ಏನು ಅಂಟಿಕೊಂಡಿದೆ ಅಂತ ನೋಡುವ ಪರೀಕ್ಷೆ. 1945ರಲ್ಲಿ ರಾಬಿನ್ ಕೂಂಬ್ಸ್ ಮತ್ತು ಜೊತೆಗಾರರು ಕೊಟ್ಟದ್ದು ಇದು, ಇವತ್ತಿಗೂ ಅದೇ ಆಧಾರ. ಆಕೆಯ ಕಣಗಳ ಮೇಲೆ ಸಿ3ಡಿ ಅನ್ನುವ ರಕ್ಷಣಾ ಪ್ರೋಟೀನಿನ ತುಣುಕು ಸಿಕ್ಕಿತು, ಐಜಿಜಿ ಅನ್ನುವ ಬಗೆಯ ಆ್ಯಂಟಿಬಾಡಿ ಇರಲಿಲ್ಲ. ಈ ವ್ಯತ್ಯಾಸ ಮುಖ್ಯ. ಐಜಿಜಿ ಮೈ ಬಿಸಿಯಲ್ಲೇ ಕಣಕ್ಕೆ ಅಂಟುವ ಕಾಯಿಲೆಗೆ ಸ್ಟಿರಾಯ್ಡ್ ಚೆನ್ನಾಗಿ ಹಿಡಿಯುತ್ತದೆ, ಚಳಿಗೆ ಅಂಟುವ ಈ ಕಾಯಿಲೆಗೆ ಅಷ್ಟಾಗಿ ಹಿಡಿಯುವುದಿಲ್ಲ. ಮೈ ಬೆಚ್ಚಗಿಡುವುದೇ ಮೊದಲ ಚಿಕಿತ್ಸೆ. ರಕ್ತ ಕೊಡಬೇಕಾಗಿ ಬಂದರೂ ಬೆಚ್ಚಗೆ ಮಾಡುವ ಉಪಕರಣದ ಮೂಲಕವೇ ಕೊಡಬೇಕು.

ಈಗ ಆಕೆ ಉಲ್ಲನ್ ಗ್ಲೌಸ್ ಹಾಕಿಕೊಂಡು ಬರುತ್ತಾರೆ. ಅವರು ಬರುವ ದಿನ ಬೆಳಿಗ್ಗೆಯೇ ಖಾಲಿ ಟ್ಯೂಬ್ ಬೆಚ್ಚಗೆ ಮಾಡಿಟ್ಟಿರುತ್ತೇನೆ.