35 ಪರ್ಸೆಂಟ್ ಸಹಿ: ನಮ್ಮೂರಿಗೆ ಬಿಯರ್ ಲೈಸೆನ್ಸ್ ತಂದ ನನ್ನ ಅನುಭವ

ಪೂರ್ವ ಟೆಕ್ಸಾಸ್‌ನ ಸಣ್ಣ ಊರೊಂದರಲ್ಲಿ ನನ್ನದು ಗ್ಯಾಸ್ ಸ್ಟೇಷನ್ (ಪೆಟ್ರೋಲ್ ಬಂಕ್) ಮತ್ತು ಅಂಗಡಿ. ಊರು ಡ್ರೈ, ಅಂದರೆ ಅಲ್ಲಿ ಮದ್ಯ ಮಾರುವಂತಿರಲಿಲ್ಲ. ಬಿಯರ್ ಬೇಕಾದವರು 22 ಮೈಲಿ ದೂರದ ಪಕ್ಕದ ಊರಿಗೆ ಹೋಗುತ್ತಿದ್ದರು. ಹೋದವರು ಅಲ್ಲೇ ಗ್ಯಾಸ್ ಹಾಕಿಸಿ, ಹಾಲು ಬ್ರೆಡ್ಡನ್ನೂ ತರುತ್ತಿದ್ದರು. ನನಗೆ ನೋವಾಗಿದ್ದು ಬಿಯರ್‌ಗಲ್ಲ, ಆ ಹಾಲು ಬ್ರೆಡ್ಡಿಗೆ. ಬಿಯರ್ ಮಾರಬಹುದೋ ಬೇಡವೋ ಅನ್ನೋದನ್ನು ಊರವರ ಓಟಿಗೆ ಹಾಕಿಸ್ತೀನಿ ಅಂದಾಗ ಈ ವ್ಯಾಪಾರದಲ್ಲಿರುವ ನಮ್ಮವರೆಲ್ಲ ತಲೆ ಅಲ್ಲಾಡಿಸಿದರು. "ಲಬ್ಬಕ್‌ನಲ್ಲಿ 2009ರಲ್ಲಿ ಆಯ್ತು, ಡಲ್ಲಾಸ್‌ನಲ್ಲಿ 2010ರಲ್ಲಿ ಆಯ್ತು, ಅವು ದೊಡ್ಡ ಊರು. ನಿನ್ನ ಊರಲ್ಲಿ ಮನೆಗಿಂತ ಚರ್ಚೇ ಜಾಸ್ತಿ" ಅಂದರು. 2019ರ ನವೆಂಬರ್‌ನಲ್ಲಿ ಗೆದ್ದೆವು.

ಮೊದಲ ಸಲ ಸೋತಿದ್ದನ್ನು ಹೇಳಲೇಬೇಕು. 2018ರ ಬೇಸಿಗೆ. ಹಿಂದಿನ ಗವರ್ನರ್ ಚುನಾವಣೆಯಲ್ಲಿ ಊರಲ್ಲಿ ಬಿದ್ದ ಓಟು ಸುಮಾರು 1250. ವಿಷಯ ಓಟಿಗೆ ಬರಬೇಕಾದರೆ ಅದರ 35 ಪರ್ಸೆಂಟ್, ಅಂದರೆ ಸುಮಾರು 440 ಮತದಾರರ ಸಹಿ ಬೇಕು, 60 ದಿನದೊಳಗೆ. ಕೂಲಿಗೆ ಸಹಿ ಮಾಡಿಸುವವರನ್ನು ಕರೆಸಿದೆ. ಒಂದು ಸಹಿಗೆ ಏಳೆಂಟು ಡಾಲರ್. 560 ಸಹಿ ಬಂತು ಅಂತ ಖುಷಿಪಟ್ಟೆ. ಕೌಂಟಿಯವರು (ನಮ್ಮ ಜಿಲ್ಲಾಡಳಿತದಂಥವರು) ತಾಳೆ ನೋಡಿದಾಗ ನಿಂತಿದ್ದು 390. ಒಬ್ಬರು ಮನೆ ವಿಳಾಸದ ಬದಲು ಪಿ.ಒ. ಬಾಕ್ಸ್ ನಂಬರ್ ಬರೆದಿದ್ದರು, ಇನ್ನೊಬ್ಬರು ಹುಟ್ಟಿದ ದಿನ ಬಿಟ್ಟಿದ್ದರು. ಎಲ್ಲಕ್ಕಿಂತ ಜಾಸ್ತಿ ಹೋಗಿದ್ದು ಅಂಚೆ ವಿಳಾಸದಲ್ಲಿ ನಮ್ಮೂರ ಹೆಸರಿದ್ದೂ ಸಿಟಿ ಗಡಿಯ ಆಚೆ ಇರುವವರದ್ದು. ವಕೀಲರು, ಪೇಪರ್ ನೋಟಿಸು, ಕೂಲಿ ಸೇರಿ ಆರು ಸಾವಿರ ಡಾಲರ್ ನೀರಿಗೆ ಹೋಯಿತು. ಹೆಂಡತಿ ಒಂದು ಮಾತೂ ಆಡಲಿಲ್ಲ. ಅದು ಬೈದಿದ್ದಕ್ಕಿಂತ ಕಷ್ಟವಾಗಿತ್ತು.

ಆಮೇಲೆ ಬಿತ್ತು ನೋಡಿ ದೊಡ್ಡ ಪೆಟ್ಟು. ಆ ನವೆಂಬರ್‌ನಲ್ಲೇ ಗವರ್ನರ್ ಚುನಾವಣೆ, ಜೊತೆಗೆ ಸೆನೆಟ್‌ಗೆ ಕ್ರೂಜ್ ಮತ್ತು ಓರೂರ್ಕ್ ಜಿದ್ದಾಜಿದ್ದಿ. ಟೆಕ್ಸಾಸ್ ಪೂರ್ತಿ ಓಟು ಉಕ್ಕಿತು. ನಮ್ಮೂರಲ್ಲೂ 1800 ದಾಟಿತು. 440 ಬೇಕಿದ್ದ ಕಡೆ ಈಗ 630 ಬೇಕು!

ಎರಡನೇ ಸಲ ಕೂಲಿಯವರನ್ನು ಬಿಟ್ಟೆ. ಕೌಂಟಿಯಿಂದ ಮತದಾರರ ಪಟ್ಟಿ ತಂದು, ಗಡಿಯೊಳಗಿನ ಬೀದಿಗಳನ್ನು ಮಾತ್ರ ಮನೆ ನಂಬರ್ ಪ್ರಕಾರ ಜೋಡಿಸಿದೆವು. ನಾನು, ಹೆಂಡತಿ, ಅಂಗಡಿಯ ಇಬ್ಬರು ಹುಡುಗರು. ಸಂಜೆ ಆರರಿಂದ ಎಂಟೂವರೆ. ಪಟ್ಟಿಯಲ್ಲಿ ಹೆಸರಿಲ್ಲದ ಮನೆ ತಟ್ಟುವುದೇ ಇಲ್ಲ. ಹೆಸರು, ವಿಳಾಸ, ಹುಟ್ಟಿದ ದಿನ, ಸಹಿ ಹಾಕಿದ ದಿನ, ಎಲ್ಲವನ್ನೂ ಅಲ್ಲೇ ನಿಂತು ನೋಡಿಕೊಂಡೇ ಮುಂದಿನ ಮನೆ. 760 ತಂದೆವು, 700ರ ಹತ್ತಿರ ನಿಂತವು. ಯಾವ ಬೀದಿ ಮೊದಲು, ಬಾಗಿಲು ತೆಗೆದ ತಕ್ಷಣ ಯಾವ ಮಾತು, ಅದನ್ನು ಇಲ್ಲಿ ಬರೆಯೋದಿಲ್ಲ. ಇಷ್ಟು ಹೇಳಬಲ್ಲೆ: ಸಹಿ ಅಂದರೆ ಓಟಲ್ಲ ಅಂತ ಜನಕ್ಕೆ ಗೊತ್ತಾಗಬೇಕು. ಪಾದ್ರಿಯೊಬ್ಬರ ಹೆಂಡತಿ "ನಾನು ವಿರುದ್ಧವೇ ಓಟು ಹಾಕೋದು, ಆದರೆ ಊರೇ ತೀರ್ಮಾನ ಮಾಡಲಿ" ಅಂತ ಸಹಿ ಹಾಕಿಕೊಟ್ಟರು.

ನಡುವೆ ಒಂದು ಪ್ರಯೋಗ. ಹೈಸ್ಕೂಲ್ ಬೇಸ್‌ಬಾಲ್ ಆಟದ ಗೇಟಿನ ಆಚೆ ಒಂದು ಸಂಜೆ ನಿಂತೆವು. 80 ಸಹಿ! ಅರ್ಧಕ್ಕರ್ಧ ಬೇರೆ ಊರಿನವರದ್ದು. ಸಹಿ ಹಾಕಿದವರಿಗೆ ಕಾಫಿ ಕೊಡೋಣ ಅಂತಲೂ ಇತ್ತು, ವಕೀಲರು ಅದನ್ನು ಮಾತ್ರ ಮಾಡಬೇಡಿ ಅಂದರು.

ಬಾಗಿಲಲ್ಲಿ ಜನ ಜಾಸ್ತಿ ಕೇಳಿದ್ದು ಕುಡಿತದ ಬಗ್ಗೆ ಅಲ್ಲ, ತೆರಿಗೆ ಬಗ್ಗೆ. ರಸ್ತೆ ದುರಸ್ತಿಯ ಕಾಲು ಪರ್ಸೆಂಟ್ ತೆರಿಗೆ ಮುಂದುವರಿಸಬೇಕೋ ಬೇಡವೋ ಅನ್ನೋದೂ ಅದೇ ಬ್ಯಾಲಟ್‌ನಲ್ಲಿತ್ತು. ಎರಡೂ ಒಂದೇ ಅಂದುಕೊಂಡವರು ಬಹಳ. ಅದಕ್ಕೆ ಪಕ್ಕದ ಊರಲ್ಲಿ ಒಂದು ಕೇಸ್ ಬಿಯರ್ ಕೊಂಡು ಆ ರಸೀದಿಯನ್ನು ಜೇಬಲ್ಲಿಟ್ಟುಕೊಂಡೆ. 14 ಡಾಲರ್ ಚಿಲ್ಲರೆ, ಕೆಳಗೆ ತೆರಿಗೆ 8.25 ಪರ್ಸೆಂಟ್. 6.25 ರಾಜ್ಯಕ್ಕೆ, ಉಳಿದ 2 ಅಲ್ಲಿಯವರಿಗೆ. "ಈ 28 ಸೆಂಟ್‌ನಲ್ಲಿ ಅವರ ರಸ್ತೆ ರಿಪೇರಿ ಆಗ್ತಿದೆ" ಅಂತ ಬೆರಳಿಟ್ಟು ತೋರಿಸುತ್ತಿದ್ದೆ. ಆಮೇಲೆ ಆಮೇಲೆ ಬೆರಳು ತಾಗಿ ತಾಗಿ ಅಕ್ಷರವೇ ಮಾಸಿತು. ಇನ್ನೊಂದು ಕೇಸ್ ಕೊಂಡೆ.

ಅರಸೀಕೆರೆಯಿಂದ ಅಮ್ಮ ಫೋನಿನಲ್ಲಿ, "ಇಲ್ಲಿ ಸಾರಾಯಿ ನಿಲ್ಲಿಸಿದಾಗ ಹಬ್ಬ ಮಾಡಿದ್ವಿ, ನೀನು ಅಲ್ಲಿ ತೆರೆಸೋಕೆ ಹೊರಟಿದ್ದೀಯಲ್ಲೋ" ಅಂದರು. 2007ರ ಆ ದಿನಗಳು ನನಗೂ ನೆನಪಿವೆ, ಸುಮ್ನೆ ತಳ್ಳಿಹಾಕುವ ಮಾತಲ್ಲ ಅದು. ವಿಸ್ಕಿ, ರಮ್ಮಿನಂಥ ಲಿಕ್ಕರ್ ಬಿಟ್ಟು, ಕೊಂಡು ಮನೆಗೆ ಒಯ್ಯುವ ಬಿಯರ್ ವೈನ್ ಮಾತ್ರ ಕೇಳಿದ್ದು ಅದಕ್ಕೇ. ಬ್ಯಾಲಟ್‌ನ ವಾಕ್ಯ ಕಾನೂನಿನಲ್ಲೇ ಬರೆದಿಟ್ಟಿದೆ. ಯಾವ ವಾಕ್ಯ ಅನ್ನೋದು ಮಾತ್ರ ನಮ್ಮ ಆಯ್ಕೆ.

ಗೆದ್ದ ಮೇಲೂ ಒಂದು ಆತಂಕವಿತ್ತು. ಚರ್ಚಿನಿಂದ 300 ಅಡಿ ದೂರ ಇರಬೇಕು ಅಂತ ನಮ್ಮೂರ ನಿಯಮ. ಅಡ್ಡಹಾದು ನೋಡಿದರೆ ನನ್ನ ಅಂಗಡಿ 270 ಇರಬಹುದು. ಆದರೆ ಅಳೆಯುವುದು ಮುಂಬಾಗಿಲಿನಿಂದ ಮುಂಬಾಗಿಲಿಗೆ, ಬೀದಿಯಂಚು ಹಿಡಿದು. 40 ಡಾಲರ್ ಕೊಟ್ಟು ಅಳತೆ ಚಕ್ರ ತಂದು ಮೂರು ಸಲ ಉರುಳಿಸಿದೆ. 340 ಬಂತು.

ಎರಡನೇ ಸಲದ ಖರ್ಚು ಎಲ್ಲ ಸೇರಿ 3000 ಡಾಲರ್ ಒಳಗೆ. ಓಟು ಸುಮಾರು 410ಕ್ಕೆ 290. ಮೊದಲ ವರ್ಷವೇ ಅಂಗಡಿ ವ್ಯಾಪಾರ ಕಾಲುಭಾಗ ಏರಿತು, ಹಾಲು ಬ್ರೆಡ್ಡೂ ಸೇರಿ.

ನಿಮ್ಮೂರಲ್ಲಿ ಮಾಡುವವರು ಒಂದು ನೋಡಿಕೊಳ್ಳಿ. ಸೋತರೆ ಅದೇ ವಿಷಯ ಒಂದು ವರ್ಷ ಮತ್ತೆ ಓಟಿಗೆ ಬರೋದಿಲ್ಲ. 2026ರ ನವೆಂಬರ್‌ನ ಗವರ್ನರ್ ಚುನಾವಣೆ ಆದ ಮೇಲೆ ಸಹಿಯ ಲೆಕ್ಕವೂ ಬದಲಾಗುತ್ತದೆ. ಅರ್ಜಿ ಕೊಡೋದು ಅದಕ್ಕೆ ಮೊದಲೋ ಆಮೇಲೋ, ಹಳೆಯ ಅಂಕಿ ತೆಗೆದು ಕೂಡಿಸಿ ನೋಡಿ.